ಕೋವಿ ಅವರದು, ದುರ್ಬೀನು ನನ್ನದು

ಸೆಪ್ಟೆಂಬರ್ 14, ಹೂಗ್ಯಂ

ಗೊಬ್ಬರದ ಅಂಗಡಿಯವರು ಯುಗಾದಿಗೆ ಕೊಟ್ಟ ಈ ಡೈರಿ ಇಷ್ಟು ದಿನ ಹಾಲಿನ ಪಾತ್ರೆಗೆ ಮುಚ್ಚಳವಾಗಿತ್ತು. ಇವತ್ತು ಒರೆಸಿ ಕೈಗೆ ತಗೊಂಡೆ. ಮನೆಯಲ್ಲಿ ಮಾತಿಗೇನೂ ಬರವಿಲ್ಲ, ಅತ್ತೆ ಬಸವಮ್ಮನವರು ಕೋಳಿ ಕೂಗುವ ಮೊದಲೇ ಶುರು ಮಾಡುತ್ತಾರೆ. ಆದರೆ ಯಜಮಾನರ ಜೊತೆ ಮಾತು ಬಿಟ್ಟಿದ್ದೇನೆ. ಬಾಯಿ ಬಿಟ್ಟರೆ ಜಗಳ, ಬಿಡದಿದ್ದರೆ ಹೊಟ್ಟೆಯುಬ್ಬರ. ಅದಕ್ಕೇ ಬರೆಯುವುದು.

ಯಳಂದೂರಿನಲ್ಲಿ ನನ್ನ ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ಇವರು ಬರಲಿಲ್ಲ. ಬೈಕಿನ ಟೈರು ಸವೆದಿದೆಯಂತೆ, ಕತ್ತಲಾದ ಮೇಲೆ ವಾಪಸು ಬರುವುದಕ್ಕೆ ಆಗುವುದಿಲ್ಲವಂತೆ. ಬಸ್ಸಿನಲ್ಲಾದರೂ ಬನ್ನಿ ಅಂದೆ, ಬಸ್ಸಿನಲ್ಲಿ ನೂಕುನುಗ್ಗಲು ಅಂದರು. ತವರಿನಲ್ಲಿ ಎಲ್ಲರೂ ಎಲ್ಲಿ ಭಾವ, ಎಲ್ಲಿ ಭಾವ ಎಂದು ಕೇಳಿದರು. ಹೊಟ್ಟೆನೋವು ಅಂದೆ. ನಮ್ಮ ದಿವ್ಯಳೂ ಮದುವೆಯಾಗಿ ಅದೇ ಊರಿಗೆ ಹೋದವಳು, ಮಗಳ ಮುಂದೆ ಸುಳ್ಳು ಹೇಳುವಾಗ ನಾಲಿಗೆ ತಡವರಿಸಿತು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗಿಂತ ಇವರಿಗೆ ಟೈರು ಹೆಚ್ಚಾಯಿತು.

ಸೆಪ್ಟೆಂಬರ್ 19

ಊಟಕ್ಕೆ ಕೂತಾಗ ನೀರಿನ ಚೊಂಬನ್ನು ಕೈಯಿಂದ ತಟ್ಟಿ ಬೀಳಿಸಿದರು. ಕಾಣುವ ಜಾಗದಲ್ಲಿ ಇಡಬಾರದಾ ಎಂದು ನನ್ನ ಮೇಲೇ ರೇಗಿದರು. ಎಲೆಯ ಪಕ್ಕದಲ್ಲೇ ಇಟ್ಟಿದ್ದೆ. ಉತ್ತರ ಕೊಡಲಿಲ್ಲ. ಕೊಡದೆ ಇರುವುದು ಎಷ್ಟು ಕಷ್ಟ!

ಸೆಪ್ಟೆಂಬರ್ 27

ಇವತ್ತು ಅವರೇ ಮಾತಾಡಿದರು. ಕ್ಷಮೆ ಗಿಮೆ ಏನಿಲ್ಲ. ಫೋನು ತಂದು ನನ್ನ ಮಡಿಲಿಗೆ ಹಾಕಿ, "ಪುಷ್ಪಾ, ಕೋವಿಗೆ ಹಾಕ ಸ್ಕೋಪು ಅಂತ ಬತ್ತದಂತೆ. ಒಂದ್ ಒಳ್ಳೇದು ನೋಡ್ಕೊಡು" ಅಂದರು.

ಕಾಡಿನಂಚಿನ ಹೊಲಕ್ಕೆ ಹಂದಿ ಬರುತ್ತಿವೆ. ಜೋಳ ಮೊಣಕಾಲೆತ್ತರ ಬಂದಿದೆ, ತೆನೆ ಕಟ್ಟುವ ಹೊತ್ತಿಗೆ ಇನ್ನೂ ಹೆಚ್ಚು ಬರುತ್ತವೆ. ಮುಸ್ಸಂಜೆಯಲ್ಲಿ ಇವರು ಹುಣಸೆಮರದ ಅಟ್ಟಣೆಯ ಮೇಲೆ ಕೂತು ಕಾಯುತ್ತಾರೆ. ಇರುಳಿಗೆ ಪಕ್ಕದ ಹೊಲದ ಪುಟ್ಟಮಾದಪ್ಪನ ಪಾಳಿ. ಕೋವಿ ನಮ್ಮ ಮಾವನವರ ಅಪ್ಪನ ಕಾಲದ್ದು, ಕೇಪಿನ ಕೋವಿ, ಬೆಳೆ ಕಾಯುವುದಕ್ಕೆಂದು ಸರ್ಕಾರ ಕೊಟ್ಟ ಲೈಸೆನ್ಸು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಕೂಡ ಹೊಸಿಲು ದಾಟಿಲ್ಲ. ಕೋವಿಯೊಳಗೆ ಹೋಗುವುದು ಮದ್ದು ಮತ್ತು ತೆಂಗಿನ ನಾರು, ಅಷ್ಟೇ. ಮೂರು ತಲೆಮಾರಿನಿಂದ ಸದ್ದು ಮಾಡಿದೆ, ಒಂದು ಇಲಿಯನ್ನೂ ಕೊಂದಿಲ್ಲ.

ಗುಂಡೇ ಇಲ್ಲದ ಕೋವಿಗೆ ಗುರಿ ನೋಡುವ ಗಾಜು ಯಾಕೆ ಎಂದು ಕೇಳಿಯೇ ಬಿಟ್ಟೆ. ಮಾತು ಬಿಟ್ಟಿದ್ದು ಮರೆತೇಹೋಯಿತು. ಹಂದಿ ಅಂಚಿನಲ್ಲಿರುವಾಗಲೇ ಢಂ ಅನ್ನಿಸಿದರೆ ಕಾಡಿಗೆ ಓಡುತ್ತವೆ, ನಡುಹೊಲಕ್ಕೆ ಬಂದ ಮೇಲೆ ಅನ್ನಿಸಿದರೆ ಗಾಬರಿಯಲ್ಲಿ ಇರುವುದನ್ನೆಲ್ಲ ತುಳಿಯುತ್ತವೆ, ಆದ್ದರಿಂದ ಮೊದಲೇ ಕಾಣಬೇಕು ಎಂದು ವಿವರಿಸಿದರು. ಒಪ್ಪುವ ಮಾತೇ.

ಅಕ್ಟೋಬರ್ 2

ಫೋನಿನಲ್ಲಿ ಸ್ಕೋಪುಗಳ ಸಂತೆಯೇ ಇದೆ. ಎಲ್ಲದರ ಕೆಳಗೂ "ಜನರಲ್ ಹಂಟಿಂಗ್‌ಗೆ ಸೂಕ್ತ" ಎಂದು ಬರೆದಿದ್ದಾರೆ. ಅಂದರೆ ಸಾಮಾನ್ಯ ಬೇಟೆ. ಅತ್ತೆಗೆ ಓದಿ ಹೇಳಿದೆ. "ನಮ್ಮನೇಲಿ ಸಾಮಾನ್ಯದ್ದೂ ಇಲ್ಲ, ಇಸೇಸದ್ದೂ ಇಲ್ಲ. ವಾಪಸ್ ಕಳ್ಸು" ಅಂದರು, ಇನ್ನೂ ತರಿಸಿಯೇ ಇಲ್ಲ.

ಎರಡು ಕಣ್ಣಿಗೂ ಹಿಡಿಯುವ ಬೈನಾಕ್ಯುಲರ್ ಇದಕ್ಕಿಂತ ಚೆನ್ನಾಗಿದೆ, ಅದನ್ನೇ ತಗೊಳ್ಳಿ ಅಂದೆ. ಬೇಡವಂತೆ. ಬೆಟ್ಟ ನೋಡಲು ಬರುವ ಪ್ಯಾಂಟಿನವರ ಹಾಗೆ ಅದನ್ನು ಕತ್ತಿಗೆ ನೇತುಹಾಕಿಕೊಂಡರೆ ಪುಟ್ಟಮಾದಪ್ಪ ಊರೆಲ್ಲ ಹೇಳಿಕೊಂಡು ನಗುತ್ತಾನಂತೆ. ಆಮೇಲೆ ಮೆಲ್ಲಗೆ, ಒಂದು ಕಣ್ಣಿಗೆ ಆದರೆ ಸಾಕು ಅಂದರು. ಹಟ ಅಂದರೆ ಹಟ.

ಅಕ್ಟೋಬರ್ 6

ಸೀರೆ ಆರಿಸಿದ ಹಾಗೆ ಆರಿಸುತ್ತಿದ್ದೇವೆ. ಈಗ ನನಗೂ ಲೆಕ್ಕ ತಿಳಿಯಿತು. ಮೂರು-ಒಂಬತ್ತು-ನಲವತ್ತು ಅಂದರೆ ಮೂರರಷ್ಟರಿಂದ ಒಂಬತ್ತರಷ್ಟು ಹತ್ತಿರಕ್ಕೆ ತೋರಿಸುತ್ತದೆ, ನಲವತ್ತು ಮುಂದಿನ ಗಾಜಿನ ಅಗಲ. ಗಾಜು ಅಗಲವಾದಷ್ಟೂ ಮಬ್ಬಿನಲ್ಲಿ ಬೆಳಕು ಹೆಚ್ಚು. ಬಹಳ ಹತ್ತಿರಕ್ಕೆ ತೋರಿಸುವುದನ್ನು ತಗೊಂಡರೆ ಕಾಣುವ ಜಾಗ ಕಿರಿದಾಗುತ್ತದೆ, ಕೈ ಅಲುಗಿದರೆ ಹೊಲವೇ ಕುಣಿಯುತ್ತದೆ.

ಇಷ್ಟು ಹೇಳಿದರೂ ಇವರಿಗೆ ತೃಪ್ತಿಯಿಲ್ಲ. ಮೊದಲು ನಾಲ್ಕು ಸಾಕು ಅಂದಿದ್ದರು. ಆಮೇಲೆ ಒಂಬತ್ತು. ನಿನ್ನೆ ಹದಿನಾರು. ಇವತ್ತು ಇಪ್ಪತ್ತನಾಲ್ಕರದ್ದು ಇದೆಯಾ ನೋಡು ಅಂತಾರೆ. ಇಪ್ಪತ್ತನಾಲ್ಕರಷ್ಟು ಹತ್ತಿರ ಬಂದರೆ ಹಂದಿಯ ಮೂಗಿನ ಕೂದಲು ಎಣಿಸುವುದಾ? ಆಸೆಗೆ ಮಿತಿ ಬೇಡವಾ ಎಂದು ಬೈದೆ. ಅವರು ನನ್ನ ಭುಜದ ಪಕ್ಕದಲ್ಲಿ ಕೂತು ಫೋನಿನ ಕಡೆಗೆ ಮುಖ ಮಾಡಿದ್ದರು. ಎಷ್ಟೋ ಕಾಲದಿಂದ ಹೀಗೆ ಒಂದೇ ಮಣೆ ಮೇಲೆ ಕೂತಿರಲಿಲ್ಲ. ಹಳೇ ಸೋಪಿನ ವಾಸನೆ ಬರುತ್ತಿತ್ತು.

ಮೂರು-ಒಂಬತ್ತು-ನಲವತ್ತೇ ಎಂದು ತೀರ್ಮಾನ ಮಾಡಿದೆ.

ಅಕ್ಟೋಬರ್ 11

ಆಯುಧಪೂಜೆ. ಕೋವಿ, ಗುದ್ದಲಿ, ಕುಡುಗೋಲು, ಮಚ್ಚು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದೆ. ಇವರು ವಿಭೂತಿ ಎಳೆಯುತ್ತ ಬಂದವರು ಗುದ್ದಲಿಯ ಕಾವಿಗೆ ಎರಡು ಸಲ ಎಳೆದರು, ಕೋವಿಗೆ ಎಳೆಯಲೇ ಇಲ್ಲ. ನಾನು ನಕ್ಕುಬಿಟ್ಟೆ. ಎಲ್ಲದಕ್ಕೂ ನಗುವ ಅತ್ತೆ ಇವತ್ತು ನಗಲಿಲ್ಲ. ಮಗನ ಕೈಯನ್ನೇ ನೋಡುತ್ತಿದ್ದರು. ವಯಸ್ಸಾಯಿತು, ಕೆಲವು ಸಲ ಮಂಕಾಗುತ್ತಾರೆ.

ಅಕ್ಟೋಬರ್ 17

ಸ್ಕೋಪು ಬಂತು! ನಮ್ಮೂರಿಗೆ ಪಾರ್ಸಲ್ ತರುವುದಿಲ್ಲ ಅಂದದ್ದಕ್ಕೆ ದಿವ್ಯ ತನ್ನ ಮನೆಗೆ ತರಿಸಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದಳು. ಕಪ್ಪಗೆ, ತಣ್ಣಗೆ, ಎಳೇ ಮೂಲಂಗಿಯಷ್ಟು ಉದ್ದವಿದೆ.

ಆದರೆ ನಾವು ಜಾಣರು ಒಂದನ್ನು ನೋಡಿಯೇ ಇರಲಿಲ್ಲ. ಕೋವಿಯ ಮೇಲೆ ಅದನ್ನು ಕೂರಿಸಲು ಒಂದು ಪಟ್ಟಿ ಇರಬೇಕಂತೆ. ಅಜ್ಜನ ಕಾಲದ ನಳಿಗೆಯಲ್ಲಿ ಪಟ್ಟಿ ಎಲ್ಲಿಂದ ಬರಬೇಕು? ಹನೂರಿನ ವೆಲ್ಡಿಂಗ್ ಅಂಗಡಿಯ ಮಾದಸ್ವಾಮಿ ತಿರುಗಿಸಿ ನೋಡಿ, ನಳಿಗೆಗೆ ತೂತು ಹೊಡೆಯಬೇಕು, ಅದಕ್ಕೆ ಪೊಲೀಸರ ಒಪ್ಪಿಗೆ ಬೇಕು, ಆಮೇಲೆ ಸಿಡಿದರೆ ನಾನು ಜವಾಬ್ದಾರನಲ್ಲ ಎಂದನಂತೆ. ಇವರು ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡ ಹಾಗೆ ಕೋವಿಯನ್ನು ಎದೆಗವಚಿಕೊಂಡು ಮನೆಗೆ ಬಂದರು.

ಹತ್ತು ದಿನ ಗಾಜಿನ ಅಗಲ ಅಳೆದೆವು, ಕೂರುವ ಜಾಗ ನೋಡಲಿಲ್ಲ. ಹೆಣ್ಣು ನೋಡಿ ಮೆಚ್ಚಿ ಗೋತ್ರ ಕೇಳುವುದನ್ನು ಮರೆತಂತಾಯಿತು.

ಅಕ್ಟೋಬರ್ 18

ಕೋವಿಗೆ ಕೂರದಿದ್ದರೆ ಬೇಡ, ಕೈಯಲ್ಲೇ ಹಿಡಿದು ನೋಡೋಣವೆಂದು ಹಟ್ಟಿಯ ಮುಂದೆ ನಿಂತೆವು. ಇವರು ಬಲಗಣ್ಣಿಗೆ ಹಿಡಿದು ಬೆಟ್ಟದ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. "ಬರೀ ಮಂಜು ಕನ" ಅಂದರು.

ನಾನು ನೋಡಿದೆ. ಮೊದಲು ಕರ್ರಗೆ ಕಂಡಿತು. ಕಣ್ಣು ಸ್ವಲ್ಪ ಹಿಂದಕ್ಕೆ ತಂದಾಗ, ಅಬ್ಬಾ, ಬೆಟ್ಟದ ಕಲ್ಲು ಕಲ್ಲೂ ಕಂಡಿತು. ಕೊಟ್ಟೆ. ಮತ್ತೆ ಮಂಜು ಅಂದರು. ಮಂಜು ಹಿಡಿಯುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿದ್ದಾರೆ, ಮೋಸಗಾರರು. ಒಳಗೆ ತೇವ ಸೇರಿಕೊಂಡು ಬಂದು ಹೋಗಿ ಮಾಡುತ್ತಿದೆ. ನೀರಿಗೆ ಬಿದ್ದ ಫೋನನ್ನು ದಿವ್ಯ ಅಕ್ಕಿಯಲ್ಲಿ ಹೂತಿಟ್ಟು ಸರಿಮಾಡಿದ್ದಳು. ಸ್ಕೋಪನ್ನೂ ಅಕ್ಕಿ ಡಬ್ಬದಲ್ಲಿ ಹೂತಿದ್ದೇನೆ. ನಾಳೆಯ ಅನ್ನಕ್ಕೆ ಅದರ ಪಕ್ಕದಿಂದಲೇ ತೆಗೆಯಬೇಕು.

ಅಕ್ಟೋಬರ್ 21

ಅಕ್ಕಿಯಿಂದ ತೆಗೆದು ಒರೆಸಿ ಕೊಟ್ಟೆ. ಮಂಜು ಹೋಗಿಲ್ಲವಂತೆ. ನನಗೆ ಮಾತ್ರ ಬೆಟ್ಟದ ಮೇಲಿನ ಮೇಕೆ ಕೂಡ ಕಂಡಿತು. ವಸ್ತುವಿಗೂ ಮುಖ ನೋಡಿ ಮಣೆ ಹಾಕುವ ಬುದ್ಧಿಯಾ?

ಅಕ್ಟೋಬರ್ 24

ಕೊಳ್ಳೇಗಾಲಕ್ಕೆ ಹೋಗಿ ನನ್ನ ಕನ್ನಡಕ ಮಾಡಿಕೊಟ್ಟ ನಂಜಯ್ಯನವರಿಗೆ ಸ್ಕೋಪು ತೋರಿಸಿದೆ. ಗಾಜಿನ ವಿಷಯ ಗಾಜಿನವರಿಗೇ ಗೊತ್ತು. ಅವರು ಎರಡೂ ತುದಿ ಒರೆಸಿ ಅಂಗಡಿಯ ಬಾಗಿಲಿಗೆ ಬಂದು ರಸ್ತೆಯಾಚೆಗಿನ ಬೋರ್ಡು ನೋಡಿದರು. ಗಾಜು ಚಿನ್ನದಂಗದೆ ಕಣವ್ವ ಅಂದರು. ಆಮೇಲೆ ಅದನ್ನು ನನ್ನ ಕೈಗಿಟ್ಟು, "ಯಾರ್ಗವ್ವಾ ಮಂಜು ಕಾಣ್ತಾ ಇರದು?" ಎಂದು ಕೇಳಿದರು.

ನಮ್ಮ ಯಜಮಾನರಿಗೆ, ಅಂದೆ. ಅಂದವಳೇ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಚೊಂಬು. ಗುದ್ದಲಿಗೆ ಎರಡು ಸಲ ವಿಭೂತಿ. ಇಪ್ಪತ್ತನಾಲ್ಕರದ್ದು ಇದೆಯಾ ನೋಡು ಅಂದದ್ದು. ಬೈಕಿನ ಟೈರಿಗೆ ಏನೂ ಆಗಿರಲಿಲ್ಲ. ಕತ್ತಲಲ್ಲಿ ಎದುರು ಬರುವ ಗಾಡಿಯ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು ಮನುಷ್ಯನಿಗೆ, ನಾನು ಟೈರಿನ ಜೊತೆ ಸವತಿ ಮತ್ಸರ ಮಾಡಿಕೊಂಡು ಕೂತಿದ್ದೆ.

ಪೊರೆ ಇರಬಹುದು, ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ, ಬಹಳ ಬಲಿಯಲು ಬಿಡಬೇಡಿ ಎಂದು ನಂಜಯ್ಯ ಹೇಳಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗು ಬಾಯಿಗಿಟ್ಟುಕೊಂಡು ಬಂದೆ.

ಅಕ್ಟೋಬರ್ 25

ಹೇಳಿದೆ. ಎದ್ದು ಹೋದರು.

ಅಕ್ಟೋಬರ್ 26

ಇವತ್ತು ಉತ್ತರ ಬಂತು. ಎಡಗಣ್ಣು ಹೋದ ವರ್ಷವೇ ಮಬ್ಬಾಗಿತ್ತಂತೆ. ಬಲಗಣ್ಣು ಈ ಬೇಸಿಗೆಯಿಂದ. ಯಾರಿಗೂ ಹೇಳಿರಲಿಲ್ಲ. ಮಾವನವರಿಗೆ ಹಿಂದೆ ಯಾವುದೋ ಕ್ಯಾಂಪಿನಲ್ಲಿ ಪೊರೆ ತೆಗೆದಾಗ ಕೀವು ತುಂಬಿ ಇದ್ದ ಬೆಳಕೂ ಹೋಯಿತಲ್ಲ, ಆಗ ಇವರಿಗೆ ಮೀಸೆ ಮೂಡುವ ವಯಸ್ಸು. ಮಾವನವರ ಕೈ ಹಿಡಿದು ಅತ್ತೆ ಹೊಲಕ್ಕೆ ನಡೆಸಿಕೊಂಡು ಹೋಗುತ್ತಿದ್ದುದನ್ನು ಇವರು ದಿನಾ ನೋಡಿದ್ದಾರೆ.

"ಕತ್ರಿ ಹಾಕ್ಸಿ ಪೂರ್ತಿ ಕಳ್ಕೊಳದ್ಕಿಂತ ಮಂಜೇ ವಾಸಿ" ಅಂದರು. ಅಷ್ಟು ಹೇಳಿ ನನ್ನ ಕಡೆ ತಿರುಗಿದರು. ನನ್ನ ಮುಖಕ್ಕಿಂತ ಒಂದು ಗೇಣು ಆಚೆಗೆ ನೋಡುತ್ತಿದ್ದರು. ಇಷ್ಟು ತಿಂಗಳು ಇದನ್ನು ಗಮನಿಸದ ನಾನು ಎಂಥ ಹೆಂಗಸು. ಅವರ ಮುಂದೆ ಅಳಲಿಲ್ಲ. ಅತ್ತಿದ್ದರೂ ಕಾಣುತ್ತಿರಲಿಲ್ಲ ಎಂದು ಹೊಳೆದಾಗ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅಕ್ಟೋಬರ್ 29

ನಾನೂ ಅಟ್ಟಣೆ ಹತ್ತಿದೆ! ಮದುವೆಯಾಗಿ ಬಂದಮೇಲೆ ಮೊದಲ ಸಲ. ಸೀರೆ ಎತ್ತಿ ಕಟ್ಟಿ, ಏಣಿಯ ಒಂದೊಂದು ಮೆಟ್ಟಿಲಿಗೂ ಬೆಟ್ಟದ ದೇವರು ಮಾದಪ್ಪನನ್ನು ಕೂಗುತ್ತ. ಕೆಳಗಿನಿಂದ ಪುಟ್ಟಮಾದಪ್ಪ, "ಅತ್ಗೆಮ್ಮ, ಹಂದಿಗೆ ಕೋವಿ ಬ್ಯಾಡ, ನೀವ್ ಒಂದ್ ಮಾತಾಡಿ ಸಾಕು" ಅಂದ. ಮಾತಾಡಿದೆ, ಅವನೇ ಹೋದ.

ಕೋವಿ ಅವರ ಕೈಲಿ, ಸ್ಕೋಪು ನನ್ನ ಕೈಲಿ. ನಾನು ನೋಡಿ ಹೇಳುವುದು, ಅವರು ಆ ಕಡೆ ಸದ್ದು ಮಾಡುವುದು ಎಂದು ಒಪ್ಪಂದ. ಆದರೆ ಇವತ್ತು ಹಂದಿ ಬರಲಿಲ್ಲ. ಏನದೆ, ಏನದೆ ಎಂದು ಕೇಳುತ್ತಲೇ ಇದ್ದರು. ಏನೂ ಇಲ್ಲ ಅಂದಾಗ ಮುಖ ಇಳಿಯುತ್ತಿತ್ತು. ಇವಳಿಗೂ ಏನೂ ಕಾಣಲ್ಲವೇನೋ ಅನ್ನುವ ಹಾಗೆ. ಸಂಕಟವಾಗಿ, ಆ ದೊಡ್ಡ ಬಂಡೆಯ ಮೇಲೆ ಒಂದು ಮೊಲ ಬಂದು ಕೂತಿದೆ ಅಂದುಬಿಟ್ಟೆ. ಬಂಡೆಯ ಮೇಲೆ ಇದ್ದದ್ದು ಬಿಸಿಲು ಮಾತ್ರ. ಎಷ್ಟು ಅರಳಿತು ಆ ಮುಖ! ಹೆಂಗದೆ, ಏನ್ ಮಾಡ್ತಾ ಅದೆ ಎಂದು ಕೇಳಿದರು. ಮೀಸೆ ತಿರುವುತ್ತಿದೆ ಅಂದೆ. ಎಡಗಿವಿಯಲ್ಲಿ ಅರ್ಧ ಇಲ್ಲ, ಯಾವುದೋ ನಾಯಿ ಹಿಡಿದಿರಬೇಕು ಅಂದೆ. ಎಲ್ಲಿಂದ ಬಂತೋ ಆ ಕಿವಿ.

ನವೆಂಬರ್ 4

ಹಂದಿ ಬಂದವು. ಒಂದು ದೊಡ್ಡದು, ಹಿಂದೆ ಮೈಮೇಲೆ ಪಟ್ಟೆಯಿರುವ ಮರಿಗಳು. ತೆಂಕಣ ಮೂಲೆ, ಬೇಲಿ ಹತ್ತಿರ, ಇನ್ನೂ ಹೊರಗಿದಾವೆ ಎಂದು ಅವರ ಕಿವಿಯಲ್ಲಿ ಹೇಳಿದೆ. ಕೋವಿ ಆ ಕಡೆ ತಿರುಗಿತು. ಢಂ. ನಾರಿನ ಹೊಗೆಯಲ್ಲಿ ಇಬ್ಬರೂ ಕೆಮ್ಮಿದೆವು. ಮರಿಗಳು ಬಾಲ ನಿಗುರಿಸಿ ಸಾಲಾಗಿ ಓಡಿದ್ದನ್ನು ವಿವರಿಸಿದೆ. ಶಾಲೆ ಬಿಟ್ಟ ಮಕ್ಕಳಂಗಾ ಎಂದು ಕೇಳಿ ನಕ್ಕರು. ಒಂದು ತೆನೆಯೂ ಹೋಗಲಿಲ್ಲ.

ಆಮೇಲೆ, ಮೊಲ? ಅಂದರು. ಸದ್ದಿಗೆ ಓಡಿಹೋಯಿತು, ನಾಳೆ ಬರುತ್ತದೆ ಅಂದೆ.

ನವೆಂಬರ್ 9

ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಅಲ್ಲೇ ಹಿಟ್ಟಿನ ಮುದ್ದೆ, ಉಪ್ಸಾರು. ತಟ್ಟೆಯಲ್ಲಿ ಯಾವುದು ಎಲ್ಲಿದೆಯೆಂದು ಅವರ ಬೆರಳು ಹಿಡಿದು ತೋರಿಸುತ್ತೇನೆ. ಮಾತಿಗೆ ಮಾತು ಬರುತ್ತದೆ. ನನ್ನನ್ನು ನೋಡಲು ಬಂದ ದಿನ ನಮ್ಮ ಮನೆಯ ಜಗಲಿಯಲ್ಲಿ ಕಾಲು ಜಾರಿದ್ದನ್ನು ಇವರೇ ನೆನಪಿಸಿಕೊಂಡರು. ಇಷ್ಟು ವರ್ಷ ಆ ಸುದ್ದಿ ಎತ್ತಿದರೆ ಸಿಟ್ಟು ಬರುತ್ತಿತ್ತು. ಇಳಿಯುವಾಗ ನನ್ನ ಭುಜ ಹಿಡಿದು ಇಳಿಯುತ್ತಾರೆ. ದಿಬ್ಬದ ದಾರಿಯಲ್ಲಿ ಮನೆಯವರೆಗೂ ಕೈ ಬಿಡುವುದಿಲ್ಲ. ಎದುರಿಗೆ ಜನ ಬಂದರೂ ಬಿಡುವುದಿಲ್ಲ. ನನಗೆ ನಾಚಿಕೆ, ಆದರೂ ದಾರಿ ಇನ್ನಷ್ಟು ಉದ್ದವಿರಬಾರದಿತ್ತಾ ಅನ್ನಿಸಿತು.

ದಿವ್ಯ ಫೋನು ಮಾಡಿದ್ದಳು. ಮೈಸೂರಿನ ಆಸ್ಪತ್ರೆಯಲ್ಲಿ ವಿಚಾರಿಸಿದ್ದಾಳೆ. ಈಗ ಹಳೇ ಕಾಲದ ಹಾಗಲ್ಲ, ಬೆಳಗ್ಗೆ ಹೋಗಿ ಸಂಜೆ ಬರಬಹುದು ಅಂದಳು. ಅಪ್ಪ ಒಪ್ಪಬೇಕಲ್ಲ, ನೋಡೋಣ ಅಂದೆ.

ನವೆಂಬರ್ 15

ಇವತ್ತು ಮೊಲ ತನ್ನ ಸಂಸಾರವನ್ನೂ ಕರೆದುಕೊಂಡು ಬಂದಿತ್ತು. ಹೆಂಡತಿಗೆ ಸಿಡುಕು ಸ್ವಭಾವ, ಗಂಡನಿಗೆ ಬೆನ್ನು ಮಾಡಿ ಕೂತಿದೆ ಅಂದೆ. ಎಲ್ಲೋ ನೋಡ್ದಂಗದಲ್ಲ ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು, ಹಂದಿಯಿದ್ದರೂ ಓಡಿಹೋಗುವಷ್ಟು.

ದಿವ್ಯ ಮತ್ತೆ ಕೇಳಿದಳು. ಜೋಳ ಮುರಿದಮೇಲೆ ಆಗಲಿ ಅಂದೆ. ಕಾರ್ತಿಕ ಸೋಮವಾರಗಳೂ ಕಳೆಯಲಿ. ಇಷ್ಟು ದಿನ ಇದ್ದ ಕಣ್ಣು ಇನ್ನೊಂದು ತಿಂಗಳಿಗೆ ಎಲ್ಲಿಗೆ ಹೋಗುತ್ತದೆ? ಅವರೂ ಸಂತೋಷವಾಗಿದ್ದಾರೆ.

ನವೆಂಬರ್ 20

ಅತ್ತೆ ಇವತ್ತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಬುತ್ತಿ ಕಟ್ಟುತ್ತ ಹಾಡಿಕೊಳ್ಳುತ್ತಿದ್ದೆನಂತೆ, ನನಗೆ ಗೊತ್ತಿಲ್ಲ. ಆಸ್ಪತ್ರೆಗೆ ಯಾವತ್ತು ಎಂದು ಕೇಳಿದರು. ಜೋಳ ಆಗಲಿ ಅತ್ತೆ ಅಂದೆ. ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಕಣ್ ಕಾಣ್ದಿರ ಗಂಡನ್ ಕೈ ಹಿಡ್ಕಂಡ್ ನಡ್ಸದು ಸುಕವಾಗೇ ಇರ್ತದೆ ಕನವ್ವ. ನಾನೂ ನಡ್ಸಿವ್ನಿ. ಅಲ್ಲೀಗಂಟ ನನ್ನ ತಿರುಗ್ ನೋಡ್ದೋರಲ್ಲ, ಆಮೇಕೆ ನನ್ ಬಿಟ್ಟು ಒಂದ್ ಹೆಜ್ಜೆ ಇಡ್ನಿಲ್ಲ. ಆದ್ರೆ ನಂಗೆ ಬ್ಯಾರೆ ದಾರಿ ಇರ್ನಿಲ್ಲ. ನಿಂಗದೆ."

ಏನು ಮಾತು ಇದು! ಗಂಡ ಕುರುಡಾಗಲಿ ಎಂದು ಯಾವ ಹೆಂಡತಿಯಾದರೂ ಬಯಸುತ್ತಾಳಾ? ನಾನು ದಿನಾ ಮರ ಹತ್ತಿ ಒದ್ದಾಡುವುದು ಯಾರಿಗಾಗಿ? ಸಿಟ್ಟಿನಲ್ಲಿ ಬುತ್ತಿಗೆ ಉಪ್ಪಿನಕಾಯಿ ಹಾಕುವುದನ್ನೇ ಮರೆತೆ.

ನವೆಂಬರ್ 21

ನಿದ್ದೆ ಬರಲಿಲ್ಲ.

ನವೆಂಬರ್ 23

ಇವತ್ತು ಅಟ್ಟಣೆ ಹತ್ತಿ ಕೂತಮೇಲೆ ಸ್ಕೋಪನ್ನು ಚೀಲದಿಂದ ತೆಗೆಯಲಿಲ್ಲ. ಏನದೆ ಎಂದು ಕೇಳಿದರು. ಸುಮ್ಮನಿದ್ದೆ. ಮೊಲ ಬಂತಾ ಎಂದು ಕೇಳಿದರು. ಸುಮ್ಮನಿದ್ದೆ. ಮುನಿಸಾ ಅಂದರು. ನಾನು ಇನ್ನು ಹೇಳುವುದಿಲ್ಲ, ನೀವೇ ನೋಡಿ ಅಂದೆ.

ಗಾಳಿ ಎದ್ದಿತ್ತು. ಒಣಗಿದ ಜೋಳದ ಗರಿ ಎಲ್ಲ ಕಡೆಯೂ ಒಂದೇ ಸಮ ಸದ್ದು ಮಾಡುತ್ತಿತ್ತು. ಬೆಳಕು ಕಂತುವ ಹೊತ್ತಿಗೆ ತೆಂಕಣ ಮೂಲೆಯಲ್ಲಿ ಬೇಲಿ ಅಲುಗಿತು. ನನ್ನ ಬರಿಗಣ್ಣಿಗೇ ಕಂಡಿತು, ದೊಡ್ಡದು ಮುಂದೆ, ಮರಿಗಳು ಹಿಂದೆ. ಇವರಿಗೂ ಏನೋ ಗೊತ್ತಾಯಿತು. ಕೋವಿ ಎತ್ತಿಕೊಂಡು, "ಯಾವ್ ಕಡೆ ಪುಷ್ಪಾ, ಯೋಳು" ಅಂದರು. ನಾನು ಸೆರಗು ಕಚ್ಚಿಕೊಂಡೆ. ಕೋವಿ ಬಡಗಣಕ್ಕೆ ತಿರುಗಿತು, ಮೂಡಲಿಗೆ ತಿರುಗಿತು. "ಯೋಳೇ" ಅಂದರು. ಆ ದನಿಯನ್ನು ನಾನು ಬದುಕಿರುವವರೆಗೂ ಮರೆಯಲಾರೆ. ಎಲ್ಲಿಗೋ ಹೊಡೆದರು. ಹಂದಿಗಳು ನಡುಹೊಲದಲ್ಲಿ ಬೆದರಿ ನಮ್ಮ ಮರದ ಬುಡದವರೆಗೂ ಜೋಳ ಮುರಿದುಕೊಂಡು ನುಗ್ಗಿಹೋದವು.

ಸದ್ದೆಲ್ಲ ಅಡಗಿದ ಮೇಲೆ ಇವರು ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಕಣ್ಣು ನಿಮಗೇ ಕೊಟ್ಟಿದ್ದೇನೆ, ಆದರೆ ನಾಳೆ ನಾನು ಜ್ವರ ಬಂದು ಮಲಗಿದರೆ, ನಾಡಿದ್ದು ಸತ್ತರೆ, ಯಾರು ಹೇಳುತ್ತಾರೆ? ನನಗೆ ಇಲ್ಲಿ ನಿಮ್ಮ ಪಕ್ಕ ಕೂರುವುದು ಎಷ್ಟು ಇಷ್ಟವೆಂದರೆ ನಿಮ್ಮ ಕಣ್ಣು ಹೋಗುತ್ತಿರುವುದೂ ಮರೆತುಹೋಗುತ್ತಿದೆ, ನನಗೆ ಭಯವಾಗುತ್ತಿದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಕತ್ತಲಾದ ಮೇಲೆ ಕೋವಿಯನ್ನು ಪಕ್ಕಕ್ಕೆ ಇಟ್ಟರು. ಕೊನೆಗೆ, "ಆಸ್ಪತ್ರೇಲಿ ನೀನು ಜೊತೇಲೇ ಇರ್ಬೇಕು" ಅಂದರು. ಕೆಳಗಿಳಿದು ದಿವ್ಯಳಿಗೆ ಫೋನು ಮಾಡಿದೆ.

ನವೆಂಬರ್ 28, ಮೈಸೂರು

ನಿನ್ನೆ ಬಲಗಣ್ಣಿಗೆ ಮಾಡಿದರು. ಒಳಗೆ ಕರೆದುಕೊಂಡು ಹೋಗುವಾಗ ಇವರ ಕೈ ಮಂಜುಗಡ್ಡೆಯಾಗಿತ್ತು. ಬಾಗಿಲವರೆಗೂ ಹಿಡಿದಿದ್ದೆ, ಅಲ್ಲಿಂದ ನರ್ಸಮ್ಮ ಬಿಡಿಸಿಕೊಂಡರು. ಬೆಂಚಿನ ಮೇಲೆ ಕೂತು ಮಾದಪ್ಪನಿಗೆ ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ, ಅವನಿಗೆ ನೆನಪಿರುತ್ತದೆ.

ಇವತ್ತು ಬೆಳಗ್ಗೆ ಪಟ್ಟಿ ಬಿಚ್ಚಿದರು. ಮೊದಲು ಸೂರು ನೋಡಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ತಾರೀಕು ಓದಿದರು, ಅದರ ಕೆಳಗಿದ್ದ ಸಣ್ಣ ಅಕ್ಷರದ ತಿಥಿಯನ್ನೂ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು. ಈ ಸಲ ಆಚೆಗೆ ನೋಡಲಿಲ್ಲ. ನೆಟ್ಟಗೆ ನನ್ನನ್ನೇ ನೋಡಿದರು. ಹೊಸ ಮದುವಣಗಿತ್ತಿಯಂತೆ ಸೆರಗು ಎಳೆದುಕೊಂಡೆ, ಈ ವಯಸ್ಸಿನಲ್ಲಿ.

"ಯಾವಾಗ್ಲೇ ಇಷ್ಟೊಂದ್ ನೆರ್ತೋಯ್ತು ನಿನ್ ತಲೆ?" ಅಂದರು.

ನೀವು ಮಂಜು ನೋಡುತ್ತಿದ್ದಾಗ ಅಂದೆ. ನರ್ಸಮ್ಮ ನಕ್ಕರು. ಇವರು ನಗಲಿಲ್ಲ, ನೋಡುತ್ತಲೇ ಇದ್ದರು. ನೀರು ಸುರಿಯಬಾರದೆಂದು ಡಾಕ್ಟರು ಹೇಳಿದ್ದ ಕಣ್ಣಿನಲ್ಲಿ ನೀರು ಬಂತು.

ಡಿಸೆಂಬರ್ 12

ಹದ್ದಿನ ಕಣ್ಣಾಗಿದೆ ಈಗ. ಅಕ್ಕಿಯಲ್ಲಿ ಕಲ್ಲಿದೆ ಅಂತಾರೆ, ಮೂಲೆಯಲ್ಲಿ ಜೇಡ ಅಂತಾರೆ. ಅತ್ತೆ, "ಕಣ್ ಬರ್ಸಿ ತಪ್ ಮಾಡ್ದೊ ಕನ" ಎಂದು ನಗುತ್ತಾರೆ. ಡಾಕ್ಟರು ಹೊಗೆ, ಧೂಳು ಬೇಡ ಅಂದಿದ್ದರು. ಇಷ್ಟು ದಿನ ಪುಟ್ಟಮಾದಪ್ಪನೇ ಎರಡೂ ಪಾಳಿ ಕಾದ. ಇವತ್ತು ಕಣ್ಣಿಗೆ ಕಪ್ಪು ಕನ್ನಡಕ ಏರಿಸಿ ಕೋವಿಯಿಲ್ಲದೆ ತಗಡು ಬಡಿಯುತ್ತೇನೆಂದು ತಾವೇ ಅಟ್ಟಣೆಗೆ ಹೋದರು.

ನನ್ನನ್ನು ಕರೆಯಲಿಲ್ಲ. ಕರೆಯುವುದಕ್ಕೆ ಏನಿದೆ? ಕಣ್ಣು ಕಾಣುತ್ತದೆ, ಏಣಿ ತಾವೇ ಹತ್ತುತ್ತಾರೆ. ಸ್ಕೋಪನ್ನು ಬಟ್ಟೆ ಸುತ್ತಿ ಟ್ರಂಕಿನಲ್ಲಿಟ್ಟೆ. ಬಹಳ ಸಂತೋಷದ ದಿನ. ಹಿಟ್ಟು ಮಾಡಿದೆ, ತಣ್ಣಗಾಯಿತು. ಬಂದವರನ್ನು ಹಂದಿ ಬಂತಾ ಎಂದು ಕೇಳಿದೆ, ಇಲ್ಲ ಅಂದರು. ಊಟ ಮಾಡಿ ಮಲಗಿದರು.

ಡಿಸೆಂಬರ್ 13

ಇವತ್ತೂ ಹಾಗೇ.

ಡಿಸೆಂಬರ್ 15

ಸಂಜೆ ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಅಟ್ಟಣೆಗೆ ಹೋದವರು ಅರ್ಧ ದಾರಿಯಿಂದ ತಿರುಗಿ ಬಂದರು. ಏನು ಮರೆತಿರಿ ಅಂದೆ. ಒಳಗೆ ಹೋಗಿ ಟ್ರಂಕು ತೆಗೆದು ಬಟ್ಟೆಯ ಗಂಟಿನೊಂದಿಗೆ ಹೊರಗೆ ಬಂದರು. ಅತ್ತೆ ಜಗಲಿಯಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದರು.

"ಎಲ್ಲಾ ಕಾಣ್ತದೆ" ಅಂದರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. "ಒಬ್ನೇ ನೋಡುದ್ರೆ ನೋಡ್ದಂಗೇ ಆಗಾಕಿಲ್ಲ. ಬಾ."

ಹುಲ್ಲಿನ ಕೈಯಲ್ಲೇ ಹೋದೆ. ದಾರಿಯಲ್ಲಿ ಕೈ ಹಿಡಿದುಕೊಂಡರು. ಈಗ ಯಾಕೆ, ಕಾಣುತ್ತದಲ್ಲ ಅಂದೆ. ಕಂಡದ್ದಕ್ಕೇ ಹಿಡಿದುಕೊಂಡದ್ದು ಅಂದರು. ಎದುರಿಗೆ ಬಂದ ಪುಟ್ಟಮಾದಪ್ಪ ಏನೋ ಹೇಳಲು ಬಾಯಿ ತೆರೆದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮೇಲೆ ಕೂತಮೇಲೆ ಸ್ಕೋಪನ್ನು ಅವರೇ ಹಿಡಿದುಕೊಂಡರು. ಇವತ್ತು ನಾನು ಹೇಳುತ್ತೇನೆ, ನೀನು ಕಣ್ಣು ಮುಚ್ಚಿಕೋ ಅಂದರು. ಮುಚ್ಚಿದೆ. ಜೋಳದ ಗರಿಯ ಸದ್ದು ಕೇಳುತ್ತಿತ್ತು. ಬೇಲಿ ಸರಿಯಾಗಿದೆ ಅಂದರು, ಮೂಲೆಯಲ್ಲಿ ಹಂದಿ ಇಲ್ಲ ಅಂದರು, ಬೆಟ್ಟದ ಮೇಲೆ ಬಿಸಿಲು ಇಳಿಯುತ್ತಿದೆ ಅಂದರು. ಸ್ಕೋಪು ಬಂಡೆಯ ಕಡೆ ತಿರುಗಿತೆಂದು ಅವರ ಭುಜ ಅಲುಗಿದ್ದರಿಂದ ತಿಳಿಯಿತು. ಅಲ್ಲಿ ಏನಿದೆ, ಏನಿಲ್ಲ ಎಂದು ಇನ್ನು ಇವರಿಗೆ ಗೊತ್ತಾಗಿಹೋಗುತ್ತದೆ. ಈ ಮೂರು ದಿನದಲ್ಲಿ ಬರಿಗಣ್ಣಿಗೇ ಗೊತ್ತಾಗಿರಬೇಕು.

ಬಹಳ ಹೊತ್ತು ನೋಡಿದರು.

"ಬಂದದೆ ಕನೇ, ನಿನ್ ಮೊಲ" ಅಂದರು. "ಅದೇ ಜಾಗ್ದಲ್ಲಿ ಕುಂತದೆ."

ನಾನು ಕಣ್ಣು ಬಿಡಲಿಲ್ಲ. ಕಿವಿ ಹೇಗಿದೆ ಎಂದು ಕೇಳಿದೆ.

ಎಡಗಡೆಯದು ಅರ್ಧ ಇಲ್ಲ ಅಂದರು.